ರಜೆ ಬಂದರೆ ಸೈಕಲ್ಲು ಹೊರಬರಲಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಇತಿಹಾಸವನ್ನೂ ಗಡಿನಾಡ ಕನ್ನಡದ ಸ್ಥಿತಿಗತಿಯನ್ನೂ ಕುರಿತು ಬರೆಯಲು ಬಲ್ಲವರು ಅನೇಕರಿದ್ದಾರೆ. ನಾನು ಅಂಥ ದೊಡ್ಡ ವಿಷಯಕ್ಕೆ ಕೈಹಾಕದೆ, ಒಂದು ಕಾಲಕ್ಕೆ ಶಾಲೆಯ ಬೇವಿನ ಮರಕ್ಕೆ ಸಾಲಾಗಿ ಒರಗಿ ನಿಲ್ಲುತ್ತಿದ್ದ ಒಂದು ಸಾಮಾನ್ಯ ವಸ್ತುವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಆ ವಸ್ತು ಸೈಕಲ್ಲು. ಹಳೆಯ ವಿದ್ಯಾರ್ಥಿಗಳಾದ ನಾವು ಊರಿಗೆ ಬರುವ ರಜೆಯ ದಿನಗಳಲ್ಲಿ ಗೆಳೆಯರೊಡಗೂಡಿ ಮತ್ತೆ ಸೈಕಲ್ ಹತ್ತಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಬರಿಯ ವ್ಯಾಯಾಮದ ದೃಷ್ಟಿಯಿಂದ ಹೇಳುತ್ತಿಲ್ಲ. ಕಳೆದುಹೋದ ಬಾಲ್ಯದ ಹಂಬಲದಿಂದಲೂ ಹೇಳುತ್ತಿಲ್ಲ. ನಮ್ಮ ಸೀಮೆಯ ಊರುಗಳನ್ನು, ಅಲ್ಲಿನ ಮಾತನ್ನು, ಅಲ್ಲಿಂದ ಶಾಲೆಗೆ ಬರುವ ಮಕ್ಕಳನ್ನು ಹತ್ತಿರದಿಂದ ಅರಿಯಲು ಇದಕ್ಕಿಂತ ಸುಲಭವಾದ ದಾರಿ ನನಗೆ ಕಂಡಿಲ್ಲ.

ಅಕ್ಕಲಕೋಟೆ ಸೀಮೆಯ ನೆಲ ಸೈಕಲ್ಲಿಗೆಂದೇ ಹಾಸಿದಂತಿದೆ. ಇಲ್ಲಿ ಘಟ್ಟವಿಲ್ಲ, ಕಡಿದಾದ ಏರಿಲ್ಲ. ಜೋಳ ತೊಗರಿಗಳ ಎರೆಭೂಮಿ ಸಣ್ಣ ಸಣ್ಣ ಏರಿಳಿತಗಳಲ್ಲಿ ಭೀಮಾ ನದಿಯ ಕಡೆಗೆ ಹರಡಿಕೊಂಡಿದೆ. ಅಕ್ಕಲಕೋಟೆಯಿಂದ ಮೈಂದರ್ಗಿ ಸುಮಾರು 12 ಕಿಲೋಮೀಟರು. ದುಧನಿ 25ರ ಆಸುಪಾಸು. ಸೋಲಾಪುರ ಸುಮಾರು 40. ತಾಸಿಗೆ 5 ಕಿಲೋಮೀಟರು ನಡೆಯಬಲ್ಲ ಮನುಷ್ಯ ಹೆಚ್ಚುಕಡಿಮೆ ಅಷ್ಟೇ ಶ್ರಮದಲ್ಲಿ ಸೈಕಲ್ಲಿನ ಮೇಲೆ 15 ಕಿಲೋಮೀಟರು ಸಾಗುತ್ತಾನೆ. ಮೋಟಾರು ಬಂಡಿಗಳು ವಿರಳವಾಗಿದ್ದ ದಿನಗಳಲ್ಲಿ ಈ ಒಂದು ಲೆಕ್ಕವೇ ಎಷ್ಟೋ ಹಳ್ಳಿಗಳ ಮಕ್ಕಳಿಗೆ ಪ್ರೌಢಶಾಲೆಯ ಬಾಗಿಲನ್ನು ತೆರೆಯಿತು. ಮಾಸ್ತರರು ಸೈಕಲ್ಲಿನಲ್ಲಿ ಬರುತ್ತಿದ್ದರು. ಅಂಚೆಯವರು ಸೈಕಲ್ಲಿನಲ್ಲಿ ಬರುತ್ತಿದ್ದರು. ಹಾಲಿನ ಕ್ಯಾನುಗಳು, ಬಟ್ಟೆಯ ಗಂಟುಗಳು, ಮಾವನ ಮನೆಗೆ ಹೊರಟ ಅಳಿಯಂದಿರು ಎಲ್ಲವೂ ಎಲ್ಲರೂ ಸೈಕಲ್ಲನ್ನೇ ನಂಬಿದ್ದರು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುತ್ತಿದ್ದ ಸೈಕಲ್ಲಿನಲ್ಲಿ, ಸೀಟಿಗೆ ಕಾಲು ಎಟುಕದೆ, ಒಳಪೆಡಲು ತುಳಿದು ಕಲಿತವರೇ ನಾವೆಲ್ಲ. ಮಳೆಗಾಲದಲ್ಲಿ ಮಾತ್ರ ಪಾತ್ರ ಬದಲಾಗುತ್ತಿತ್ತು. ಎರೆಮಣ್ಣು ಗಾಲಿಗೂ ಮಡ್ಗಾರ್ಡಿಗೂ ನಡುವೆ ಗಟ್ಟಿಯಾಗಿ ಕಚ್ಚಿಕೊಂಡು ಗಾಲಿಯೇ ತಿರುಗದಂತಾದಾಗ, ಸವಾರನ ಹೆಗಲ ಮೇಲೆ ಸೈಕಲ್ಲು ಸವಾರಿ ಮಾಡುತ್ತಿತ್ತು.

ಇಂಥ ಸಂಗಾತಿಯನ್ನು ನಾವು ಕೈಬಿಟ್ಟದ್ದು ಅದು ಕೆಟ್ಟದ್ದರಿಂದಲ್ಲ, ನಮ್ಮ ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದರಿಂದ. ನೌಕರಿ ಸಿಕ್ಕಿತು, ಸ್ಕೂಟರು ಬಂದಿತು, ಅನಂತರ ಕಾರು ಬಂದಿತು. ಸೈಕಲ್ಲು ಬಡತನದ ಗುರುತಾಯಿತು. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿಯೂ ಇದೇ ನಡೆಯಿತು. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾಗಿ ದೇಶದ ಮನೆಮನೆಗೂ ಪರಿಚಿತವಾಗಿದ್ದ ಅಟ್ಲಾಸ್ ಸೈಕಲ್ಲಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ವಿಶ್ವಸಂಸ್ಥೆ 2018ರಲ್ಲಿ ಗೊತ್ತುಪಡಿಸಿದ ವಿಶ್ವ ಸೈಕಲ್ ದಿನವೂ ಜೂನ್ 3ನೆಯ ತಾರೀಖೇ. ಸೈಕಲ್ಲಿಗೆ ಸನ್ಮಾನದ ದಿನವೊಂದು ದೊರೆತಿರುವಾಗ ಅದನ್ನು ಮಾಡುವ ಕೈಗಳಿಗೆ ಕೆಲಸ ತಪ್ಪಿದ ಈ ಸಂಗತಿ ಯೋಚಿಸತಕ್ಕದ್ದು. ನಾವು ಪ್ರೀತಿಸುತ್ತೇವೆಂದು ಹೇಳಿಕೊಂಡು ಬಳಸದೆ ಬಿಟ್ಟ ವಸ್ತುಗಳಿಗೆಲ್ಲ ಇದೇ ಗತಿ. ಭಾಷೆಯ ಬಗೆಗೂ ಈ ಮಾತು ಸಲ್ಲುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ನಾವು ಐವರು ಸಹಪಾಠಿಗಳು ಮೂರು ವರ್ಷಗಳಿಂದ ದೀಪಾವಳಿಯ ರಜೆಯಲ್ಲಿ ಸೈಕಲ್ ತುಳಿಯುತ್ತಿದ್ದೇವೆ. ಇಬ್ಬರು ಪುಣೆಯಿಂದ, ಒಬ್ಬರು ಬೆಂಗಳೂರಿನಿಂದ ಬರುತ್ತಾರೆ, ಒಬ್ಬರು ಸೋಲಾಪುರದವರು, ಐದನೆಯವರು ಊರು ಬಿಡದೆ ಒಕ್ಕಲುತನ ನಡೆಸಿಕೊಂಡಿರುವವರು. ಎಲ್ಲರೂ ಐವತ್ತು ದಾಟಿದವರೇ. ಈ ಅಲ್ಪ ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಹೊಸದಾಗಿ ಹೊರಡುವವರ ಉಪಯೋಗಕ್ಕೆಂದು ಹೇಳುತ್ತೇನೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಸೈಕಲ್ಲಿನ ಟೈರು ಟ್ಯೂಬುಗಳು ಬಿರುಕುಬಿಟ್ಟಿರುತ್ತವೆ. ಗಾಳಿ ತುಂಬಿದ ಮಾತ್ರಕ್ಕೆ ಅವನ್ನು ನಂಬಬಾರದು. ಬ್ರೇಕಿನ ರಬ್ಬರು ಕಲ್ಲಿನಂತಾಗಿರುತ್ತದೆ, ಅದನ್ನು ಬದಲಾಯಿಸಬೇಕು. ಚೈನಿಗೆ ಎಣ್ಣೆ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಸೀಟಿನ ಎತ್ತರ. ಪೆಡಲು ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿಯೂರಿದರೆ ಕಾಲು ಬಹುಮಟ್ಟಿಗೆ ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮೊಣಕಾಲು ನೋಯುತ್ತದೆ, ನಾವು ವಯಸ್ಸನ್ನು ದೂರುತ್ತೇವೆ. ಮೊದಲ ದಿನ 5 ಕಿಲೋಮೀಟರು ಸಾಕು. ನಾಲ್ಕನೆಯ ದಿನಕ್ಕೆ ಮೈಂದರ್ಗಿಗೆ ಹೋಗಿ ಬರಬಹುದು. ಜಾಲಿಮುಳ್ಳಿನ ನಾಡಿದು, ಪಂಕ್ಚರಿನ ಸಾಮಾನು ಮತ್ತು ಪಂಪು ಜೊತೆಯಲ್ಲಿರಲೇಬೇಕು.

ಕಾಲವೂ ಮುಖ್ಯ. ಬೇಸಿಗೆಯ ರಜೆ ದೊಡ್ಡದಾದರೂ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ಬೆಳಗಿನ ಎರಡು ತಾಸು ಬಿಟ್ಟರೆ ರಸ್ತೆಗಿಳಿಯುವಂತಿಲ್ಲ. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದು ಹವೆ ತಂಪಾಗಿರುತ್ತದೆ. ಹಿಂಗಾರಿ ಜೋಳ ಹಸಿರಾಗಿ ಮೇಲೆದ್ದಿರುತ್ತದೆ. ಆ ದಿನಗಳಲ್ಲಿ ಗಾಳಿ ಹೆಚ್ಚಾಗಿ ಮೂಡಣ ದಿಕ್ಕಿನಿಂದ ಬೀಸುತ್ತದೆ. ಆದ್ದರಿಂದ ಅಕ್ಕಲಕೋಟೆಯಿಂದ ಮೈಂದರ್ಗಿಯತ್ತ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ದಣಿವಿನ ವೇಳೆಗೆ ಗಾಳಿಯೇ ನಮ್ಮನ್ನು ಮನೆಗೆ ನೂಕುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾರಿನಲ್ಲಿ ಈ ಸೀಮೆಯನ್ನು ಹಾದುಹೋಗುವವನ ಕಣ್ಣಿಗೆ ಬೀಳುವುದು ಫಲಕಗಳು ಮಾತ್ರ. ಅವು ಬಹುಪಾಲು ಮರಾಠಿಯಲ್ಲಿರುತ್ತವೆ. ಮಹಾರಾಷ್ಟ್ರದಲ್ಲಿ ಅದು ಸಹಜ, ಅದರ ಬಗೆಗೆ ನನ್ನ ತಕರಾರಿಲ್ಲ. ಮರಾಠಿ ನಮಗೆ ಅನ್ನ ಕೊಟ್ಟ, ಸ್ನೇಹಿತರನ್ನು ಕೊಟ್ಟ ಭಾಷೆ. ಆದರೆ ಫಲಕಗಳನ್ನಷ್ಟೇ ಓದಿಕೊಂಡು ಹೋದವನು ಇಲ್ಲಿ ಕನ್ನಡ ಮುಗಿದುಹೋಯಿತೆಂದು ತೀರ್ಮಾನಿಸುತ್ತಾನೆ. ಸೈಕಲ್ಲಿನವನಿಗೆ ಫಲಕದ ಕೆಳಗೆ ನಿಂತವರ ಮಾತು ಕೇಳಿಸುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಒಬ್ಬರನ್ನೊಬ್ಬರು ಕೂಗುವುದು, ಎತ್ತಿಗೆ ಬೈಯುವುದು, ಕಟ್ಟೆಯ ಮೇಲಿನ ಹಿರಿಯರು ಮಳೆಯ ಲೆಕ್ಕ ಹಾಕುವುದು, ಎಲ್ಲವೂ ಕನ್ನಡದಲ್ಲಿ. ಅಂಗಡಿಯ ಹೆಸರು ಮರಾಠಿ, ಅಂಗಡಿಯ ಒಳಗಿನ ಚೌಕಾಸಿ ಕನ್ನಡ. ಗಡಿನಾಡ ಕನ್ನಡವನ್ನು ಕೇಳಬೇಕಾದರೆ ವೇಗ ತಗ್ಗಿಸಬೇಕು. ಅದಕ್ಕೆ ತಕ್ಕ ವೇಗ ಸೈಕಲ್ಲಿನದು.

ಕಳೆದ ರಜೆಯಲ್ಲಿ ರಸ್ತೆಯ ಬದಿಯ ಚಹದ ಅಂಗಡಿಯೊಂದರ ಮುಂದೆ ನಾವು ಇಳಿದಾಗ ಅಲ್ಲಿದ್ದ ವೃದ್ಧರೊಬ್ಬರು ಕನಿಕರದಿಂದ, “ಯಾಕ್ರೀ ಸರ, ಗಾಡಿ ಕೆಟ್ಟದೇನ್ರಿ?” ಎಂದು ಕೇಳಿದರು. “ಇಲ್ರಿ ಕಾಕಾ, ಬೇಕಂತಲೇ ಸೈಕಲ್ ಮ್ಯಾಲೆ ಬಂದೀವಿ” ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. ಅನಂತರ ನಮ್ಮಲ್ಲಿ ಒಬ್ಬೊಬ್ಬರನ್ನೂ ಯಾರ ಮಗನೆಂದು ವಿಚಾರಿಸಿ, ಇಬ್ಬರ ತಂದೆಯರನ್ನು ಗುರುತು ಹಿಡಿದು, ತಮ್ಮ ಮೊಮ್ಮಗಳು ನಮ್ಮ ಶಾಲೆಯಲ್ಲಿಯೇ ಓದುತ್ತಿದ್ದು ಈಗ ಬಿಟ್ಟಿರುವಳೆಂದು ತಿಳಿಸಿದರು. ಕಾರಣವೇನೆಂದು ಕೇಳಿದೆವು. ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಮರಾಠಿ ಶಾಲೆಗೆ ಸೇರಿದವಳೂ ಅಲ್ಲ. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದುವುದಿಲ್ಲ. ಒಬ್ಬಳನ್ನೇ ಅಷ್ಟು ದೂರ ನಡೆಯಿಸಲು ಮನೆಯವರಿಗೆ ಧೈರ್ಯವಿಲ್ಲ. ನಮ್ಮ ಸಭೆಗಳಲ್ಲಿ ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವುದಕ್ಕೆ ಅಭಿಮಾನದ ಕೊರತೆ, ಇಂಗ್ಲಿಷಿನ ವ್ಯಾಮೋಹ ಎಂದು ದೊಡ್ಡ ಕಾರಣಗಳನ್ನು ಹೇಳುತ್ತೇವೆ. ಅವು ಸುಳ್ಳಲ್ಲ. ಆದರೆ ಆರು ಕಿಲೋಮೀಟರು ದಾರಿಯೂ ಒಂದು ಕಾರಣವೆಂಬುದು ಆ ದಾರಿಯನ್ನು ಸ್ವತಃ ತುಳಿಯುವ ತನಕ ನಮ್ಮ ಗಮನಕ್ಕೆ ಬರುವಂತಿರಲಿಲ್ಲ.

ದೂರದ ಈ ತೊಡಕನ್ನು ಸೈಕಲ್ಲು ಬಿಡಿಸಬಲ್ಲುದೆಂಬುದಕ್ಕೆ ಹೊರಗಿನ ನಿದರ್ಶನಗಳಿವೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದೊಂದಿಗೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಅಕ್ಷರದಷ್ಟೇ ಸೈಕಲ್ಲೂ ಅವರಿಗೆ ಸ್ವಾತಂತ್ರ್ಯವಾಯಿತು. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೆಯ ತರಗತಿ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ಕೊಡುವ ಯೋಜನೆಯನ್ನು ತಂದಿತು. ಅದನ್ನು ಕುರಿತು ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತು. ಗಂಡು ಹೆಣ್ಣು ಮಕ್ಕಳ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತು. ಈ ಹೆಚ್ಚಳ ಬಹುಪಾಲು ಕಂಡುಬಂದದ್ದು ಶಾಲೆಯಿಂದ 3 ಕಿಲೋಮೀಟರಿಗಿಂತ ದೂರದ ಹಳ್ಳಿಗಳಲ್ಲಿ. ಕರ್ನಾಟಕ ಸರ್ಕಾರವೂ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿತ್ತು. ಗಡಿಯ ಈಚೆಗಿನ ನಮ್ಮ ಮಕ್ಕಳು ಸಹಜವಾಗಿಯೇ ಅದರ ಹೊರಗುಳಿದರು. ಯಾವ ಸರ್ಕಾರದ ಕೈ ಎಟುಕದಿದ್ದರೂ ಹಳೆಯ ವಿದ್ಯಾರ್ಥಿಗಳ ಕೈ ಎಟುಕಬಾರದೇಕೆ?

ಆಕ್ಷೇಪಣೆಗಳು ಇಲ್ಲದಿಲ್ಲ. ಇಂದಿನ ರಸ್ತೆಗಳಲ್ಲಿ ಸೈಕಲ್ ಸವಾರಿ ಅಪಾಯಕರವೆಂಬುದು ಮೊದಲನೆಯದು. ಇದು ನಿಜ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರ ವಾಹನಗಳಿಂದ ಸೋಲಾಪುರದ ಹೆದ್ದಾರಿ ಸದಾ ತುಂಬಿರುತ್ತದೆ. ದೀಪಾವಳಿಯಿಂದಾಚೆಗೆ ಎರಡೆರಡು ಟ್ರೇಲರುಗಳ ಕಬ್ಬಿನ ಟ್ರ್ಯಾಕ್ಟರುಗಳೂ ರಸ್ತೆಗಿಳಿಯುತ್ತವೆ. ಆದ್ದರಿಂದಲೇ ಹೆದ್ದಾರಿಯನ್ನು ಬಿಟ್ಟು ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆಗಳನ್ನು ಹಿಡಿಯಬೇಕು. ಒಬ್ಬರ ಹಿಂದೆ ಒಬ್ಬರಾಗಿ ಎಡಬದಿಯಲ್ಲಿ ಸಾಗಬೇಕು. ಕತ್ತಲಾಗುವ ಮುನ್ನ ಮನೆ ಸೇರಬೇಕು. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಎರಡನೆಯ ಆಕ್ಷೇಪಣೆ, ನಾಲ್ಕು ಜನ ನೋಡಿದರೆ ಏನೆಂದಾರು ಎಂಬುದು. ಅದಕ್ಕೆ ಗೆಳೆಯರ ಗುಂಪೇ ಉತ್ತರ. ಒಬ್ಬನೇ ಹೊರಟವನು ನಗೆಪಾಟಲಾದೇನೆಂದು ಅಂಜುತ್ತಾನೆ; ಐವರು ಹೊರಟರೆ ಆರನೆಯವನು ತಾನೂ ಬರುವೆನೆನ್ನುತ್ತಾನೆ. ಬೆಳಗಿನ ನಸುಕಿನಲ್ಲಿ ಹಾಸಿಗೆ ಬಿಡಿಸುವುದು ಸಂಕಲ್ಪಕ್ಕಿಂತ ಹೆಚ್ಚಾಗಿ ಬಾಗಿಲ ಮುಂದೆ ಗಂಟೆ ಬಾರಿಸುವ ಗೆಳೆಯನೇ. ಮೊಬೈಲಿನ ಗುಂಪಿನಲ್ಲಿ ದಿನವೂ ಶುಭೋದಯ ಹೇಳಿಕೊಂಡರೂ ತಿಳಿಯದಿದ್ದ ಒಬ್ಬರೊಬ್ಬರ ಕಷ್ಟಸುಖಗಳು, ಮರದ ನೆರಳಿನಲ್ಲಿ ಪಂಕ್ಚರು ತಿದ್ದುತ್ತ ಕುಳಿತ ಅರ್ಧ ತಾಸಿನಲ್ಲಿ ನಮಗೆ ತಿಳಿದವು.

ಮೂರನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ವರ್ಷಕ್ಕೊಂದು ವಾರ ಬಂದು ಸೈಕಲ್ ತುಳಿದು ಹೋಗುವವರಿಂದ ಊರಿಗೇನು ಲಾಭ? ಇದು ಪಟ್ಟಣಿಗರ ಶೋಕಿಯಲ್ಲವೇ? ಬರಿಯ ಸವಾರಿಗಷ್ಟೇ ನಿಂತರೆ ಇದು ಶೋಕಿಯೇ ಎಂದು ನಾನೂ ಒಪ್ಪುತ್ತೇನೆ. ಆದುದರಿಂದ ಈ ಸುವರ್ಣ ವರ್ಷದ ಸಂದರ್ಭದಲ್ಲಿ ಮೂರು ಸೂಚನೆಗಳನ್ನು ಮುಂದಿಡುತ್ತೇನೆ. ಒಂದು, ಪ್ರತಿ ದೀಪಾವಳಿಯ ರಜೆಯಲ್ಲಿ ಹಳೆಯ ವಿದ್ಯಾರ್ಥಿಗಳು ಚಿಕ್ಕ ಚಿಕ್ಕ ಗುಂಪುಗಳಾಗಿ ಶಾಲೆಗೆ ಮಕ್ಕಳು ಬರುವ ಒಂದೊಂದು ಹಳ್ಳಿಗೆ ಸೈಕಲ್ಲಿನಲ್ಲಿಯೇ ಹೋಗಿ ಪಾಲಕರನ್ನು ಕಾಣಬೇಕು. ಶಾಲೆ ಬಿಟ್ಟ ಮಕ್ಕಳಿದ್ದರೆ ಕಾರಣವನ್ನು ಕೇಳಿ ಬರೆದುಕೊಂಡು ಮುಖ್ಯಾಧ್ಯಾಪಕರಿಗೆ ತಿಳಿಸಬೇಕು. ಎರಡು, ನಮ್ಮ ಮನೆಗಳಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲುಗಳನ್ನು ದುರಸ್ತಿ ಮಾಡಿಸಿ ದೂರದ ಹಳ್ಳಿಗಳ ವಿದ್ಯಾರ್ಥಿನಿಯರಿಗೆ ಕೊಡಬೇಕು. ಅವರು ಒಬ್ಬೊಬ್ಬರೇ ಬರದೆ ಜೊತೆಯಾಗಿ ಬರುವಂತೆ ಒಂದೇ ಊರಿನ ಇಬ್ಬರು ಮೂವರಿಗೆ ಒಟ್ಟಿಗೆ ಕೊಡುವುದು ಒಳ್ಳೆಯದು. ಮೂರು, ಶಾಲೆಯ ಆವರಣದಲ್ಲಿ ಒಂದು ಪಂಪು, ಒಂದಿಷ್ಟು ಪಾನಾಗಳು, ಪಂಕ್ಚರಿನ ಸಾಮಾನು ಇರಬೇಕು. ಮಕ್ಕಳೇ ಅದನ್ನು ಬಳಸಲು ಕಲಿಯಬೇಕು. ಕೊಟ್ಟ ಸೈಕಲ್ಲು ಮೊದಲ ಪಂಕ್ಚರಿಗೇ ಮೂಲೆ ಸೇರಿದರೆ ಕೊಟ್ಟೂ ಪ್ರಯೋಜನವಿಲ್ಲ.

ಇದಕ್ಕೆ ದೊಡ್ಡ ನಿಧಿಯಾಗಲಿ ಸಮಿತಿಯಾಗಲಿ ಬೇಕಾಗಿಲ್ಲ. ಬೇಕಾದುದು ಕೆಲವರು ಗೆಳೆಯರು, ಒಂದು ವಾರದ ರಜೆ, ಮೊದಲೆರಡು ದಿನದ ಮೈಕೈ ನೋವನ್ನು ಸಹಿಸುವ ತಾಳ್ಮೆ. ಐವತ್ತು ವರ್ಷಗಳಲ್ಲಿ ಈ ಶಾಲೆ ಹಳ್ಳಿಯ ಮಕ್ಕಳನ್ನು ಪುಣೆ, ಮುಂಬಯಿ, ಬೆಂಗಳೂರುಗಳ ತನಕ ಕಳುಹಿಸಿತು. ಹಾಗೆ ಹೋದವರು ಈ ದೀಪಾವಳಿಗೆ ಬರುವಾಗ ಅಟ್ಟದ ಮೇಲಿನ ಸೈಕಲ್ಲನ್ನು ಕೆಳಗಿಳಿಸಲಿ. ನಾವಿನ್ನೂ ಹೋಗದಿರುವ ಹಳ್ಳಿಗಳು ಅನೇಕ ಇವೆ. ನಮ್ಮ ಗುಂಪಿನಲ್ಲಿ ಸ್ಥಳವೂ ಇದೆ. ಶಾಲೆಯ ಮುಂದಿನ ಐವತ್ತು ವರ್ಷಗಳು ಮಕ್ಕಳಿಂದ ತುಂಬಿರಲೆಂದು ಹಾರೈಸುತ್ತೇನೆ.