ಶೂನ್ಯ ಸಿಂಹಾಸನಕ್ಕೆ ಯಾವ ಜಾತಿ ಪ್ರಮಾಣಪತ್ರ?



2025ರ ಆಗಸ್ಟ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆ ಗುಂಡ್ಲುಪೇಟೆ ತಾಲೂಕಿನ ಚೌಡಹಳ್ಳಿಯಿಂದ ಬಂದ ಸುದ್ದಿಯನ್ನು ನೀವೂ ಓದಿರುತ್ತೀರಿ. ಅಲ್ಲಿಯ ಒಂದು ಶಾಖಾ ಮಠಕ್ಕೆ ಬಂದಿದ್ದ ಯುವ ಸ್ವಾಮಿ ಹುಟ್ಟಿನಿಂದ ಮುಸ್ಲಿಂ ಎಂಬುದು ಊರಿಗೆ ಗೊತ್ತಾಯಿತು. ಲಿಂಗದೀಕ್ಷೆ ಪಡೆದು, ಕಾವಿ ಉಟ್ಟು, ಪೂಜೆ ದಾಸೋಹ ನಡೆಸುತ್ತಿದ್ದವನು ಮಠ ಬಿಟ್ಟು ಹೋಗಬೇಕಾಯಿತು. ಅವನು ದೂರದವನಲ್ಲ. ಯಾದಗಿರಿ ಜಿಲ್ಲೆ ಶಹಾಪುರದ ಕಡೆಯವನು. ನಮ್ಮ ದೇವದುರ್ಗದಿಂದ ಹೂವಿನಹೆಡಗಿ ಸೇತುವೆ ದಾಟಿದರೆ ಅವನ ಸೀಮೆ.

ಆತ ಮೊದಲಿನ ಹೆಸರು ಮುಚ್ಚಿಟ್ಟಿದ್ದ, ಅದಕ್ಕೇ ಕಳಿಸಿದರು ಎಂದು ನನ್ನ ಕೆಲವು ಗೆಳೆಯರು ಸಮಾಧಾನ ಹೇಳಿಕೊಂಡರು. ನಾನು ಅವರನ್ನು ಕೇಳುತ್ತೇನೆ: ವಿರಕ್ತನ ಪೂರ್ವಾಶ್ರಮದ ಹೆಸರು ಕೇಳುವ ಪದ್ಧತಿ ನಮ್ಮಲ್ಲಿ ಯಾವಾಗಿನಿಂದ ಬಂತು? ಯಾವ ಸ್ವಾಮಿಗಳಾದರೂ ತಮ್ಮ ಹುಟ್ಟು ಹೆಸರನ್ನು ಮಠದ ಬಾಗಿಲಿಗೆ ಬರೆಸಿದ್ದಾರೆಯೇ? ದೀಕ್ಷೆಯಿಂದ ಹಿಂದಿನದು ಅಳಿಯಿತು ಎಂದು ನಾವೇ ಹೇಳುತ್ತೇವೆ, ಅಳಿದದ್ದನ್ನು ಬಚ್ಚಿಟ್ಟೆ ಎಂದು ನಾವೇ ತಪ್ಪು ಹೊರಿಸುತ್ತೇವೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ.

ಮುಚ್ಚಿಡದೆ ನಡೆದದ್ದೂ ಉಂಟು. 2020ರಲ್ಲಿ ಗದಗ ಜಿಲ್ಲೆ ರೋಣ ತಾಲೂಕಿನ ಆಸೂಟಿಯಲ್ಲಿ, ಕಲಬುರಗಿ ಜಿಲ್ಲೆಯ ಖಜೂರಿ ಮಠದ ಶಾಖೆಗೆ, ಮುಸ್ಲಿಂ ಮನೆತನದ ಸಂಸಾರಸ್ಥ ಯುವಕನಿಗೆ ಎಲ್ಲರಿಗೂ ತಿಳಿಸಿಯೇ ಪಟ್ಟ ಕಟ್ಟಿದರು. ಆ ಮಠಕ್ಕೆ ಎರಡು ಎಕರೆ ಭೂಮಿ ಕೊಟ್ಟವರು ಅವನ ತಂದೆಯೇ. ಆಗ ಪತ್ರಿಕೆಗಳೆಲ್ಲ ಬಸವತತ್ವದ ಜಯ ಎಂದು ಬರೆದವು, ನಾವೂ ಹಿಗ್ಗಿದೆವು. ಐದು ವರ್ಷದ ನಂತರ ಚೌಡಹಳ್ಳಿಯ ಪ್ರಶ್ನೆ ಬಂದಾಗ ನಮ್ಮ ಕಡೆಯ ಮಠಗಳಿಂದ ಗಟ್ಟಿ ದನಿ ಒಂದೂ ನನಗೆ ಕೇಳಲಿಲ್ಲ.

ಸಿಂಹಾಸನಕ್ಕೆ ಧರ್ಮದ ಷರತ್ತು ಹಾಕುವುದು ನಮ್ಮಲ್ಲಿ ಮಾತ್ರ ಇಲ್ಲ. ಇಂಗ್ಲೆಂಡಿನವರು 1701ರಲ್ಲಿ ಅದನ್ನು ಕಾನೂನು ಮಾಡಿಯೇ ಬರೆದರು. ಕ್ಯಾಥೊಲಿಕ್ ಆದವರು, ಕ್ಯಾಥೊಲಿಕರನ್ನು ಮದುವೆಯಾದವರು ಗಾದಿಗೆ ಎಂದೆಂದಿಗೂ ಅನರ್ಹರು. ಅಂಥವರು ಸತ್ತೇ ಹೋದರೆಂದು ಲೆಕ್ಕ ಹಿಡಿದು ಕಿರೀಟವನ್ನು ಮುಂದಿನವರಿಗೆ ದಾಟಿಸಬೇಕು ಎಂಬುದು ಅವರ ವ್ಯವಸ್ಥೆ. ಹೀಗೆ ರಕ್ತದಲ್ಲಿ ಹತ್ತಿರವಿದ್ದ ಐವತ್ತಕ್ಕೂ ಹೆಚ್ಚು ಜನರನ್ನು ದಾಟಿ 1714ರಲ್ಲಿ ಜರ್ಮನಿಯ ಹ್ಯಾನೋವರ್‌ನಿಂದ ಜಾರ್ಜ್ ಎಂಬವನನ್ನು ತಂದು ಕೂರಿಸಿದರು. 2013ರ ಕಾಯ್ದೆಯಲ್ಲಿ ಮದುವೆಯ ನಿರ್ಬಂಧ ತೆಗೆದರು, ಗಂಡಿಗೆ ಮೊದಲ ಹಕ್ಕು ಎಂಬುದನ್ನೂ ತೆಗೆದರು. ಗಾದಿಗೆ ಬರುವವನು ಮಾತ್ರ ಇಂದಿಗೂ ಕ್ಯಾಥೊಲಿಕ್ ಆಗಿರುವಂತಿಲ್ಲ.

ಅವರಿಗೆ ಒಂದು ಕಾರಣವಿತ್ತು. ಅಲ್ಲಿ ರಾಜನೇ ಚರ್ಚಿನ ಮುಖ್ಯಸ್ಥ. ರೋಮಿನ ಪೋಪನ ಮಾತು ಕೇಳುವ ರಾಜ ಬಂದರೆ ದೇಶ ಕೈಬಿಡುತ್ತದೆ ಎಂಬ ಭಯ. ಒಪ್ಪುವುದು ಬಿಡುವುದು ಬೇರೆ, ಅವರು ಕೇಳಿದ್ದು ನಂಬಿಕೆ ಯಾವುದು ಎಂದು. ನಾವು ಕೇಳುತ್ತಿರುವುದು ನಂಬಿಕೆಯನ್ನಲ್ಲ. ಇಷ್ಟಲಿಂಗ ಕಟ್ಟಿಕೊಂಡವನ ಮುಂದೆ ನಿಂತು ಹುಟ್ಟು ಯಾವುದು ಎಂದು ಕೇಳುತ್ತಿದ್ದೇವೆ. ಹಾಗೆ ನೋಡಿದರೆ ಇಂಗ್ಲಿಷರಿಗಿಂತ ನಮ್ಮ ಷರತ್ತೇ ಬಿಗಿ.

ಪೀಠಕ್ಕೆ ಕೂರುವವನು ಲಿಂಗಾಯತನೇ ಆಗಿರಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಧಾರ್ಮಿಕ ಸಂಸ್ಥೆಯ ಹುದ್ದೆಗೆ ಆ ಧರ್ಮದವರೇ ಇರಬೇಕೆಂದು ಕಾನೂನು ಮಾಡಿದರೆ ಅದು ನಮ್ಮ ಸಂವಿಧಾನದ 16(5)ನೇ ವಿಧಿಗೆ ಒಪ್ಪಿಗೆ. ಆದರೆ ಧರ್ಮ ಬೇರೆ, ಹುಟ್ಟು ಬೇರೆ. ಕೇರಳದ ಒಂದು ಶಿವಾಲಯದ ಅರ್ಚಕ ಹುದ್ದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ಪೂಜಾವಿಧಿ ಕಲಿತು ಅರ್ಹನಾದವನನ್ನು ಬ್ರಾಹ್ಮಣನಲ್ಲ ಎಂಬ ಕಾರಣಕ್ಕೆ ತಡೆಯಲಾಗದು. ವೈದಿಕ ಪದ್ಧತಿಯ ಗುಡಿಯೇ ಅಷ್ಟು ದೂರ ಬಂದಿರುವಾಗ, ಗುಡಿಯನ್ನೇ ಬೇಡವೆಂದು ಹೊರಬಂದ ನಾವು ಎಲ್ಲಿದ್ದೇವೆ?

ನಾನು ಸರಕಾರಿ ಇಂಜಿನಿಯರ್ ಆಗಿದ್ದವನು. ಟೆಂಡರ್ ದಾಖಲೆ ಓದುವಾಗ ಅರ್ಹತೆಯ ಷರತ್ತುಗಳನ್ನು ಮೊದಲು ನೋಡುವುದು ರೂಢಿ. ಕೆಲಸಕ್ಕೆ ಸಂಬಂಧವಿಲ್ಲದ ಷರತ್ತು ಒಂದು ಕಂಡರೆ ಅದು ಯಾರೋ ಒಬ್ಬ ಗುತ್ತಿಗೆದಾರನ ಅಳತೆಗೆ ಹೊಲಿದ ಅಂಗಿ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಮಠದ ಕೆಲಸವೇನು? ದೀಕ್ಷೆ ಕೊಡುವುದು, ವಚನ ಬೋಧಿಸುವುದು, ದಾಸೋಹ ನಡೆಸುವುದು, ಊರಿನ ದುಃಖ ಕೇಳುವುದು. ಇದರಲ್ಲಿ ಯಾವ ಕೆಲಸಕ್ಕೆ ಜಂಗಮ ಮನೆತನದ ರಕ್ತ ಬೇಕು?

ಮಾನ್ವಿ ತಾಲೂಕಿನ ಒಂದು ಊರಿನಲ್ಲಿ ಮಠಕ್ಕೆ ಮರಿದೇವರನ್ನು ನೋಡುವ ಸಭೆಯಲ್ಲಿ ನಾನೂ ಕೂತಿದ್ದೆ. ಹುಡುಗನ ಬಗ್ಗೆ ಮೊದಲ ಪ್ರಶ್ನೆ, ಜಂಗಮರ ಪೈಕಿಯೇ? ಎರಡನೆಯದು, ಯಾವ ಮಠದ ಮನೆತನ? ಮೂರನೆಯದು, ಈಗಿರುವ ತಾತನವರಿಗೆ ಏನಾಗಬೇಕು? ಪೂರ್ವಾಶ್ರಮದ ಅಣ್ಣನ ಮಗ ಎಂದು ಉತ್ತರ ಬಂತು, ಸಭೆ ನಿರಾಳವಾಯಿತು. ಓದು ಎಷ್ಟು, ನಾಲ್ಕು ವಚನ ಬರುತ್ತವೆಯೇ ಎಂದು ಯಾರೂ ಕೇಳಲಿಲ್ಲ. ಹಿಂದೆ ಕೂತಿದ್ದ ರೈತರೊಬ್ಬರು ನನ್ನ ಕಿವಿಯಲ್ಲಿ, “ಸಾಹೇಬ್ರ, ನಮ್ಮ ಹುಡುಗ ದಿನಾ ಮಠದಾಗ ಕಸಾ ಹೊಡಿತಾನ, ಪೂಜಿಗಿ ನೀರು ತರ್ತಾನ, ವಚನಾ ಬಾಯಿಪಾಠ ಹೇಳ್ತಾನ. ಅವನ್ನ ಯಾಕ ಕೇಳಂಗಿಲ್ರೀ?” ಎಂದರು. ಅವರ ಮನೆತನ ಗಾಣಿಗರದು. ಅವರು ಎದ್ದು ನಿಂತು ಗಟ್ಟಿಯಾಗಿ ಕೇಳಿದ್ದರೆ ಆ ಸಭೆ ಏನು ಉತ್ತರ ಕೊಡುತ್ತಿತ್ತೋ!

ವಿರಕ್ತ ಮಠದಲ್ಲಿ ಅಣ್ಣನ ಮಗ, ಪುತ್ರವರ್ಗದ ಮಠದಲ್ಲಿ ಸ್ವಂತ ಮಗ. ಗೌಡಕಿ, ಕುಲಕರ್ಣಿಕಿ ಮುಂತಾದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ನಮ್ಮ ರಾಜ್ಯ 1961ರ ಕಾಯ್ದೆಯಿಂದ ರದ್ದು ಮಾಡಿತು. ಗೌಡನ ಮಗ ಗೌಡನಾಗುವುದು ನಿಂತು ಅರವತ್ತು ವರ್ಷ ಆಯಿತು. ಮಠದಲ್ಲಿ ಮಾತ್ರ ವತನ ನಡೆದೇ ಇದೆ, ಅದಕ್ಕೆ ಪರಂಪರೆ ಎಂಬ ದೊಡ್ಡ ಹೆಸರು.

ಪರಂಪರೆಯ ಮಾತು ಬಂತಲ್ಲ, ಮೂಲಕ್ಕೇ ಹೋಗೋಣ. ಕಲ್ಯಾಣದ ಅನುಭವ ಮಂಟಪದ ಶೂನ್ಯ ಸಿಂಹಾಸನದ ಮೇಲೆ ಮೊದಲು ಕೂತವರು ಅಲ್ಲಮಪ್ರಭುಗಳು. ಬಳ್ಳಿಗಾವಿಯ ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವರು ಎಂದು ಹರಿಹರನ ರಗಳೆಯೇ ಹೇಳುತ್ತದೆ. ಮಂತ್ರಿಯಾಗಿದ್ದ ಬಸವಣ್ಣನವರು ತಾವು ಕೂರಲಿಲ್ಲ, ತಮ್ಮ ಮಗನನ್ನು ಕೂರಿಸಲಿಲ್ಲ, ಮದ್ದಳೆಯವನನ್ನು ಕೂರಿಸಿದರು. ನಂತರ ಚನ್ನಬಸವಣ್ಣ. ಅವರು ಬಸವಣ್ಣನವರ ಅಕ್ಕನ ಮಗ ತಾನೇ ಎಂದು ಯಾರಾದರೂ ತಕರಾರು ತೆಗೆಯಬಹುದು. ಷಟ್‌ಸ್ಥಲವನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ಅವರಷ್ಟು ಬಿಡಿಸಿ ಹೇಳಿದವರು ಇನ್ನೊಬ್ಬರಿಲ್ಲ. ಅಂಥ ಸೋದರಳಿಯ ಯಾವ ಮಠದಲ್ಲಿದ್ದರೂ ನನ್ನ ಕೈ ಮೊದಲು ಎತ್ತುತ್ತೇನೆ. ಅವರ ನಂತರ ಸೊನ್ನಲಿಗೆಯ ಸಿದ್ಧರಾಮೇಶ್ವರರು. ಒಕ್ಕಲುತನದ ಮನೆಯವರು, ಕಲ್ಯಾಣಕ್ಕೆ ಬರುವಾಗ ಮೈಮೇಲೆ ಇಷ್ಟಲಿಂಗವೇ ಇರಲಿಲ್ಲ. ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು, ಮುಂದೆ ಅದೇ ಸಿಂಹಾಸನ ಏರಿದರು. ಕೆರೆ ಕಟ್ಟೆ ಕಟ್ಟಿಸಿದ ಸಿದ್ಧರಾಮರ ಮೇಲೆ ನನ್ನಂಥ ಇಂಜಿನಿಯರನಿಗೆ ತುಸು ಹೆಚ್ಚೇ ಅಭಿಮಾನ, ಕ್ಷಮಿಸಿ. ಆದರೆ ವಿಷಯ ಅದಲ್ಲ. ಹೊರಗಿನಿಂದ ಬಂದು, ದೊಡ್ಡವನಾದ ಮೇಲೆ ದೀಕ್ಷೆ ಪಡೆದವನು ಪೀಠಾಧಿಪತಿ ಆಗಬಹುದೇ ಎಂಬ ಚೌಡಹಳ್ಳಿಯ ಪ್ರಶ್ನೆಗೆ ಹನ್ನೆರಡನೆಯ ಶತಮಾನದಲ್ಲೇ ಉತ್ತರ ಸಿಕ್ಕಿದೆ. ನಮ್ಮ ಪರಂಪರೆ ಇದು. ಅಣ್ಣನ ಮಗನದು ನಂತರ ಸೇರಿದ್ದು.

ಇನ್ನೂ ಒಂದು ಲೆಕ್ಕ ಹಾಕಿ. ಬಸವಣ್ಣನವರ ಕಾಲದಲ್ಲಿ ಈ ಮಾರ್ಗಕ್ಕೆ ಬಂದವರು ಬ್ರಾಹ್ಮಣರು, ಸಮಗಾರರು, ಅಂಬಿಗರು, ಮಡಿವಾಳರು, ನೇಕಾರರು. ನಮ್ಮದೇ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿ ಅಂಗಳದ ಅಕ್ಕಿ ಆಯುವ ಬಡವರು. ಇಂದು ಜಂಗಮ, ಪಂಚಮಸಾಲಿ, ಬಣಜಿಗ, ಸಾದರ, ಗಾಣಿಗ ಎಂದು ಹೇಳಿಕೊಳ್ಳುವ ನಮ್ಮ ಪ್ರತಿಯೊಬ್ಬರ ವಂಶವೂ ಹಿಂದಕ್ಕೆ ಹೋದರೆ ದೀಕ್ಷೆ ಪಡೆದು ಒಳಗೆ ಬಂದ ಯಾರಿಗಾದರೂ ಮುಟ್ಟುತ್ತದೆ. ದೀಕ್ಷೆ ಹುಟ್ಟನ್ನು ತೊಳೆಯುವುದಿಲ್ಲ ಎಂದಾದರೆ ಅವರ ದೀಕ್ಷೆಯೂ ತೊಳೆದಿಲ್ಲ. ಆಗ ನಾವ್ಯಾರೂ ಲಿಂಗಾಯತರಲ್ಲ, ಮಠಗಳಿಗೆ ಬೀಗ ಹಾಕಿ ಹೊಲಕ್ಕೆ ಹೋಗಬಹುದು.

ಪಂಚಪೀಠಗಳ ಮಾತು ಬೇರೆ. ಹುಟ್ಟಿನ ನಿಯಮವನ್ನು ಅವರು ಮುಚ್ಚದೆ ಹೇಳುತ್ತಾರೆ, ಅವರೊಂದಿಗೆ ನಮ್ಮ ಜಗಳ ಹಳೆಯದು, ಬಹಿರಂಗದ್ದು. ನನ್ನ ಸಿಟ್ಟು ಬಸವಣ್ಣನ ಭಾವಚಿತ್ರ ಮುಂದಿಟ್ಟುಕೊಂಡು, ವಚನ ಸಪ್ತಾಹ ಮಾಡಿಸಿ, ಪಟ್ಟದ ದಿನ ಮಾತ್ರ ಮನೆತನ ಹುಡುಕುವ ಮಠಗಳ ಮೇಲೆ. ಇದರಿಂದ ಬೇಸತ್ತೇ ಒಂದೊಂದು ಪಂಗಡ ತನ್ನದೇ ಪೀಠ ಮಾಡಿಕೊಳ್ಳುತ್ತಿದೆ. ಪಂಚಮಸಾಲಿಗಳು ಹರಿಹರದಲ್ಲಿ, ಕೂಡಲಸಂಗಮದಲ್ಲಿ ಮಾಡಿಕೊಂಡರು. ಬಾಗಿಲು ಮುಚ್ಚಿದವರಿಗೆ ಅದನ್ನು ಒಡಕು ಎಂದು ದೂರುವ ಹಕ್ಕಿಲ್ಲ. ಆದರೆ ಪ್ರತಿ ಪಂಗಡಕ್ಕೂ ಒಂದು ಪೀಠ ಎಂದರೆ ಒಂದು ಜಾತಿಯ ಬೇಲಿ ತೆಗೆದು ಹತ್ತು ಬೇಲಿ ಹಾಕಿದಂತೆ, ಅದು ಪರಿಹಾರವೂ ಅಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಲಿಂಗಾಯತರು ಹೆಣ್ಣನ್ನು ರಾಜಸಿಂಹಾಸನದ ಮೇಲೆ ಕೂರಿಸಿ ಮುನ್ನೂರೈವತ್ತು ವರ್ಷವಾಯಿತು. ಕೆಳದಿಯ ಚನ್ನಮ್ಮಾಜಿ 1671ರಿಂದ ಸುಮಾರು 25 ವರ್ಷ ಆಳಿದಳು. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟಳು, ಹೊಟ್ಟೆಯಲ್ಲಿ ಹುಟ್ಟದ ಬಸಪ್ಪನಾಯಕನನ್ನು ದತ್ತು ಪಡೆದು ಪಟ್ಟಕ್ಕೆ ತಂದಳು. ಕಿತ್ತೂರಿನಲ್ಲಿ 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತುಮಗ ಶಿವಲಿಂಗಪ್ಪನಿಗೆ ಗಾದಿಯಿಲ್ಲ ಎಂದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ರಾಣಿ ಚನ್ನಮ್ಮ ಒಪ್ಪಲಿಲ್ಲ, ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಪ್ರತಿ ವರ್ಷ ನಾವು ಚನ್ನಮ್ಮನ ಮೂರ್ತಿಗೆ ಮಾಲೆ ಹಾಕುತ್ತೇವೆ. ಅವಳು ಹೋರಾಡಿದ್ದು ಯಾವುದಕ್ಕೆ? ಹುಟ್ಟಿನಿಂದ ಬಾರದ, ಸ್ವೀಕಾರದಿಂದ ಬಂದ ಹಕ್ಕಿಗೆ. ಮಾಲೆ ಹಾಕಿ ಇಳಿದು ಮಠಕ್ಕೆ ಹೋಗಿ ಥ್ಯಾಕರೆಯ ಪ್ರಶ್ನೆಯನ್ನೇ ಕೇಳುತ್ತೇವೆ.

ಧಾರವಾಡದಲ್ಲಿ 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠ ಏರಿದರು. ಅವರು ವಚನಾಂಕಿತ ಬದಲಿಸಿದ್ದನ್ನು ನಾನು ಎಂದೂ ಒಪ್ಪಿದವನಲ್ಲ. ಆದರೆ ಹೆಣ್ಣು ಜಗದ್ಗುರು ಆಗಬಹುದೆಂದು ಕೂತು ತೋರಿಸಿದರು, 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಪೀಠಕ್ಕೆ ಮತ್ತೆ ಮಹಿಳೆಯೇ ಬಂದರು. ಆದರೆ ಅದು ಹೊಸದಾಗಿ ಕಟ್ಟಿದ ಪೀಠ. ನಮ್ಮ ದೊಡ್ಡ ಹಳೆಯ ವಿರಕ್ತ ಮಠಗಳಲ್ಲಿ ಅಕ್ಕಮಹಾದೇವಿಯ ಫೋಟೊಕ್ಕೆ ಜಾಗವಿದೆ, ಅಕ್ಕನಂಥವಳಿಗೆ ಗದ್ದುಗೆ ಇಲ್ಲ.

2018ರ ಮಾರ್ಚ್‌ನಲ್ಲಿ ರಾಜ್ಯ ಸಚಿವ ಸಂಪುಟ ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಲು ಕೇಂದ್ರಕ್ಕೆ ಶಿಫಾರಸು ಮಾಡಿತು. ನಮ್ಮ ವಾದದ ಬೆನ್ನೆಲುಬು ಒಂದೇ: ನಾವು ವರ್ಣ, ಜಾತಿ, ಹುಟ್ಟಿನ ಮೇಲುಕೀಳು ಒಪ್ಪದವರು. ಕೇಂದ್ರ ಒಪ್ಪಲಿಲ್ಲ. ನಾಳೆ ಮತ್ತೆ ಆ ಕಡತ ಬಿಚ್ಚಿದಾಗ ಅಲ್ಲಿಯ ಅಧಿಕಾರಿ, ನಿಮ್ಮ ಮಠಗಳಲ್ಲಿ ಪೀಠಾಧಿಪತಿಗಳ ಆಯ್ಕೆ ಹೇಗೆ ಎಂದು ಒಂದು ಕಾಲಂ ತುಂಬಲು ಹೇಳಿದರೆ ಏನು ಬರೆಯುತ್ತೀರಿ?

ಭಕ್ತರು ಒಪ್ಪುವುದಿಲ್ಲ, ನಾವೇನು ಮಾಡೋಣ ಎಂದು ಕೆಲವು ಪೂಜ್ಯರು ಹೇಳುತ್ತಾರೆ. ಭಕ್ತರು ಒಪ್ಪದ ಎಷ್ಟೋ ವಿಷಯಗಳನ್ನು, ಕುಡಿತ ಬಿಡುವುದರಿಂದ ಹಿಡಿದು ಸಾಮೂಹಿಕ ವಿವಾಹದವರೆಗೆ, ಇದೇ ಪೂಜ್ಯರು ಹೇಳಿ ಹೇಳಿ ಒಪ್ಪಿಸಿದ್ದಾರೆ. ಈ ಒಂದು ವಿಷಯಕ್ಕೆ ಮಾತ್ರ ಅವರ ನಾಲಿಗೆ ಯಾಕೆ ಸೋಲುತ್ತದೆ? ಕೋರ್ಟಿನ ಭಯವನ್ನೂ ಹೇಳುತ್ತಾರೆ. ಪೀಠದ ಉತ್ತರಾಧಿಕಾರಕ್ಕೆ ಕೋರ್ಟು ನೋಡುವುದು ಆಯಾ ಮಠದ ರೂಢಿಯನ್ನು. ರೂಢಿ ಬರೆದಿಲ್ಲದಲ್ಲಿ ವ್ಯಾಜ್ಯ ಹೆಚ್ಚು, ಆಸ್ತಿಯಿದ್ದಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಈಗಿನ ಪೂಜ್ಯರು ಬದುಕಿರುವಾಗಲೇ, ಭಕ್ತರ ಸಭೆ ಕರೆದು, ನಿಯಮವನ್ನು ಟ್ರಸ್ಟ್ ಡೀಡಿನಲ್ಲಿ ಬರೆದು ನೋಂದಣಿ ಮಾಡಿಸಬೇಕು.

ಅದರಲ್ಲಿ ಏನಿರಬೇಕು ಎಂದರೆ: ಉತ್ತರಾಧಿಕಾರಿ ಇಷ್ಟಲಿಂಗ ದೀಕ್ಷೆ ಪಡೆದು ಕನಿಷ್ಠ ಏಳು ವರ್ಷ ಮಠದ ಸೇವೆಯಲ್ಲಿದ್ದಿರಬೇಕು, ವಚನ ಸಾಹಿತ್ಯದಲ್ಲಿ ಹೊರಗಿನ ವಿದ್ವಾಂಸರಿಂದ ಪರೀಕ್ಷೆ ಆಗಿರಬೇಕು. ಹುಟ್ಟಿದ ಜಾತಿ, ಪಂಗಡ, ಧರ್ಮ, ಹೆಣ್ಣು ಗಂಡು ಎಂಬ ಕಾರಣಕ್ಕೆ ಯಾರನ್ನೂ ಬಿಡುವಂತಿಲ್ಲ. ಈಗಿನ ಪೂಜ್ಯರ ಪೂರ್ವಾಶ್ರಮದ ಬಂಧುಗಳು ಆಯ್ಕೆ ಸಮಿತಿಯಲ್ಲಿ ಇರುವಂತಿಲ್ಲ. ಬಂಧುವೇ ಅಭ್ಯರ್ಥಿಯಾದರೆ ಮೂರನೇ ಎರಡರಷ್ಟು ಭಕ್ತರ ಒಪ್ಪಿಗೆ ಬೇಕು. ಹೊಲ, ಮಳಿಗೆ, ಶಾಲೆ ಕಾಲೇಜಿನ ಲೆಕ್ಕ ಪಟ್ಟದಿಂದ ಬೇರೆಯಾಗಿ, ಲೆಕ್ಕ ಪರಿಶೋಧನೆ ಆಗಿ ಪ್ರತಿ ವರ್ಷ ಜಾತ್ರೆಯಲ್ಲಿ ಓದಲ್ಪಡಬೇಕು. ಈ ಕೊನೆಯದನ್ನು ಒಪ್ಪಿಸಿಬಿಟ್ಟರೆ ಅಣ್ಣನ ಮಕ್ಕಳ ವೈರಾಗ್ಯ ಅರ್ಧಕ್ಕರ್ಧ ಇಳಿದೀತು ಎಂದು ನನ್ನ ಗುಮಾನಿ.

ಇದರ ಕರಡನ್ನು ಎರಡು ಪುಟದಲ್ಲಿ ಬರೆದು ಒಬ್ಬ ವಕೀಲರಿಗೆ ತೋರಿಸಿದ್ದೇನೆ. ದೇವದುರ್ಗ, ಮಾನ್ವಿ ತಾಲೂಕುಗಳ ಮಠಗಳಲ್ಲಿ ಯಾವುದಾದರೂ ಒಂದರ ಟ್ರಸ್ಟ್ ಸಭೆ ಇದನ್ನು ಚರ್ಚೆಗೆ ಇಡಲು ಒಪ್ಪಿದರೆ ಸ್ವಂತ ಖರ್ಚಿನಲ್ಲಿ ನಾನೇ ಬಂದು ಓದಿ ಹೇಳುತ್ತೇನೆ. ಒಪ್ಪದ ಮಠಗಳು ತಮ್ಮ ಕಾರಣವನ್ನು ಇದೇ ಪತ್ರಿಕೆಗೆ, ಸಹಿ ಮಾಡಿ, ಬರೆದು ಕಳಿಸಲಿ.