ಬಳ್ಳಾರಿ ಅಂದ್ರೆ ಯಾವ ಬಳ್ಳಾರಿ?

ಕಾಪಿ-ಪೇಸ್ಟ್‌ಗೆ 'ಕೋಡ್ ಮರುಬಳಕೆ' ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕರೆ ನಮ್ಮ ಬಳ್ಳಾರಿಗೆ ಕರ್ಕೊಂಡು ಬಂದು, ಮೇ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ಎರಡು ಮಾತು ಕೇಳಬೇಕು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಬ್ಲಾಗ್ ಗೆಳೆಯರೂ ಓದಿ, ಯಾಕಂದ್ರೆ ಕೊನೆಗೆ ಪೆಟ್ಟು ಬೀಳೋದು ನಿಮಗೇ :)

ನಮ್ಮ ಜಿಲ್ಲೆಯ ಕಥೆ ನೋಡಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯ್ತು, ಅದರಲ್ಲಿ ಬಳ್ಳಾರಿಯೂ ಒಂದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಆರು ತಾಲ್ಲೂಕು ಆ ಕಡೆ ಹೋದವು. ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ ಈ ಐದು ಇಲ್ಲಿ ಉಳಿದವು. ಹರಪನಹಳ್ಳಿಯದ್ದಂತೂ ಕೇಳಲೇಬೇಡಿ... ಮೊದಲು ಬಳ್ಳಾರಿ, 1997ರಲ್ಲಿ ದಾವಣಗೆರೆ, ಆಮೇಲೆ ಮತ್ತೆ ಬಳ್ಳಾರಿ, ಈಗ ವಿಜಯನಗರ!

ಇನ್ನು ಜಾಲತಾಣಗಳಿಗೆ ಬನ್ನಿ. ಇತ್ತೀಚೆಗೆ ಒಂದು ಕಡೆ ಅರ್ಜಿ ತುಂಬೋಕೆ ಕೂತಿದ್ದೆ. ಮೊದಲ ಪುಟದಲ್ಲಿ ಹೊಸ ಹೆಸರು, ಎರಡನೇ ಪುಟದಲ್ಲಿ ಹಳೇ 'ಬೆಲ್ಲಾರಿ', ಮೂರನೇ ಪುಟದಲ್ಲಿ ಹೊಸಪೇಟೆ ಇನ್ನೂ ನಮ್ಮ ಜಿಲ್ಲೆಯಲ್ಲೇ ಕೂತಿದೆ, ಕುರುಗೋಡು ತಾಲ್ಲೂಕು ಪತ್ತೆಯೇ ಇಲ್ಲ. ಕಾರಣ ಸರಳ. ಜಿಲ್ಲೆಗಳ ಪಟ್ಟಿಯನ್ನ ಪ್ರತಿ ಪುಟಕ್ಕೂ ಕಾಪಿ ಹೊಡೆದಿದ್ದಾರೆ. ತಿದ್ದುವವನು ನೆನಪಿದ್ದ ಕಡೆ ತಿದ್ದಿದ, ಉಳಿದದ್ದು ದೇವರ ಪಾಲು. ಅದನ್ನೇ ಒಂದು ಕಾಂಪೊನೆಂಟ್ ಮಾಡಿ ಎಲ್ಲ ಪುಟಗಳಿಗೂ ಅದನ್ನೇ ಕೂರಿಸಿದ್ದರೆ? ಒಂದು ಕಡೆ ತಿದ್ದಿದರೆ ಮುಗೀತು.

ಆದರೆ ಬರೀ ಬೇರೆ ಫೈಲಿಗೆ ಎತ್ತಿಟ್ಟ ಮಾತ್ರಕ್ಕೆ ಅದು ಕಾಂಪೊನೆಂಟ್ ಆಗೋಲ್ಲ ಸ್ವಾಮಿ. ನಮ್ಮೂರು ಜೀನ್ಸ್‌ಗೆ ಹೆಸರುವಾಸಿ. ಪ್ಯಾಂಟಿಗೆ ಹಾಕೋ ಜಿಪ್ ನೋಡಿ. ಅಳತೆ ಸರಿಯಿದ್ದರೆ ಯಾವ ಪ್ಯಾಂಟಿಗಾದರೂ ಕೂರುತ್ತೆ. ಪಾಕೆಟ್ ಎಷ್ಟಿದೆ ಅಂತ ಕೇಳೋಲ್ಲ, ಪಾಕೆಟ್ಟಿಗೆ ಕೈಯನ್ನೂ ಹಾಕೋಲ್ಲ. ಕಾಂಪೊನೆಂಟ್ ಅಂದ್ರೆ ಹಾಗಿರಬೇಕು. ಬೇಕಾದ್ದನ್ನ ಬಾಗಿಲಲ್ಲಿ ಕೇಳಿ ಇಸ್ಕೊಬೇಕು, ಕೊಡೋದನ್ನ ಬಾಗಿಲಲ್ಲೇ ಕೊಡಬೇಕು. ಒಳಗಿನ ವೇರಿಯಬಲ್ ಒಳಗೇ ಇರಬೇಕು. ಇದಕ್ಕೇ ಸ್ಕೋಪ್ ಅನ್ನೋದು.

ಸ್ಕೋಪ್ ಕೆಟ್ಟರೆ ಏನಾಗುತ್ತೆ? ಜಾವಾಸ್ಕ್ರಿಪ್ಟ್‌ನಲ್ಲಿ ಡಿಕ್ಲೇರ್ ಮಾಡದೆ 'ಐ' ಅನ್ನೋ ವೇರಿಯಬಲ್‌ಗೆ ಬೆಲೆ ಕೊಟ್ಟರೆ ಅದು ಗ್ಲೋಬಲ್, ಅಂದ್ರೆ ಇಡೀ ಪುಟದ ಸೊತ್ತು. ಈಗ 31 ಜಿಲ್ಲೆಗಳ ಮೇಲೆ 0ಯಿಂದ ಒಂದು ಲೂಪ್ ಓಡಿಸಿ. ಒಳಗೆ ತಾಲ್ಲೂಕು ತುಂಬೋ ಫಂಕ್ಷನ್ ಕರೀರಿ, ಅದೂ ಇದೇ 'ಐ'ಯನ್ನ 0ಯಿಂದ ಶುರುಮಾಡಿ ಎಣಿಸಲಿ. ಮೊದಲ ಜಿಲ್ಲೆ ಬಳ್ಳಾರಿ ಅಂದುಕೊಳ್ಳಿ. ಐದು ತಾಲ್ಲೂಕು ಮುಗಿದಾಗ 'ಐ' 5 ಆಗಿರುತ್ತೆ, ಹೊರಗಿನ ಲೂಪ್ ಅದಕ್ಕೆ 1 ಸೇರಿಸಿ ಸೀದಾ 6ಕ್ಕೆ ಹಾರುತ್ತೆ. ನಡುವಿನ ಐದು ಜಿಲ್ಲೆ ಮಾಯ! ಇನ್ನೂ ಮಜಾ ಏನಂದ್ರೆ, 30 ತಾಲ್ಲೂಕಿರೋ ಜಿಲ್ಲೆಯೇ ರಾಜ್ಯದಲ್ಲಿಲ್ಲ. ಹಾಗಾಗಿ 'ಐ' ಪ್ರತಿ ಸಲ ಹಿಂದಕ್ಕೆ ಬೀಳುತ್ತೆ, 31 ಮುಟ್ಟೋದೇ ಇಲ್ಲ, ಬ್ರೌಸರ್ ಕಲ್ಲು! ಬೇರೆ ಬೇರೆ ಪರೀಕ್ಷಿಸಿದರೆ ಎರಡು ಫಂಕ್ಷನ್ನೂ ಸರಿ. ಒಟ್ಟಿಗೆ ಹಾಕಿದರೆ ಸರ್ವನಾಶ.

ಹೆಸರಿನ ಗೊಂದಲವೂ ಇದೇ ಜಾತಿಯದ್ದು. 'ಬಳ್ಳಾರಿ' ನಗರದ ಹೆಸರು, ತಾಲ್ಲೂಕಿನ ಹೆಸರು, ಜಿಲ್ಲೆಯ ಹೆಸರು, ಲೋಕಸಭಾ ಕ್ಷೇತ್ರದ ಹೆಸರೂ ಹೌದು. ಸಿರುಗುಪ್ಪ ಬಳ್ಳಾರಿ ಜಿಲ್ಲೆಯದ್ದು, ಓಟು ಮಾತ್ರ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ. ಹೊಸಪೇಟೆ ವಿಜಯನಗರ ಜಿಲ್ಲೆಯದ್ದು, ಓಟು ಬಳ್ಳಾರಿ ಕ್ಷೇತ್ರಕ್ಕೆ. ಇದನ್ನೆಲ್ಲ 'ಬಳ್ಳಾರಿ' ಅನ್ನೋ ಒಂದೇ ಗ್ಲೋಬಲ್‌ಗೆ ತುರುಕಿದರೆ ಯಾವ ಫಂಕ್ಷನ್ ಯಾವ ಬಳ್ಳಾರಿಯನ್ನ ಅಳಿಸಿತು ಅಂತ ಬ್ರಹ್ಮನೂ ಹೇಳಲಾರ. ಕಾಗದದ ಮೇಲೆ ವಿಳಾಸ ಬರೆಯೋ ನಮ್ಮ ಹಿರಿಯರು ಊರಿನ ಹೆಸರು ಬರೆದು ಸುಮ್ಮನಾಗುತ್ತಿರಲಿಲ್ಲ, ಮುಂದೆ ತಾ॥, ಜಿ॥ ಅಂತ ಸೇರಿಸುತ್ತಿದ್ದರು. ಹೊಸಹಳ್ಳಿ ಅನ್ನೋ ಊರು ಹತ್ತಾರಿವೆ ಅಂತ ಅವರಿಗೆ ಗೊತ್ತಿತ್ತು. ಡಿಗ್ರಿ ಮಾಡಿದ ನಮಗೆ ಗೊತ್ತಾಗಬಾರದಾ?

"ಸಣ್ಣ ಪುಟಕ್ಕೆ ಇಷ್ಟೆಲ್ಲ ಯಾಕ್ರೀ, ನಡೀತದಲ್ಲ" ಅಂತಾರೆ. ನಡೀತದೆ, ಬರೆದವನು ಕೆಲಸ ಬಿಟ್ಟು ಹೋಗೋ ತನಕ! ಮದ್ದೇನು ಹೊಸದಲ್ಲ. ಡಿಕ್ಲೇರ್ ಮಾಡದ ವೇರಿಯಬಲ್ಲಿಗೆ ಬೈಯೋ ಸ್ಟ್ರಿಕ್ಟ್ ಮೋಡ್ 2009ರಿಂದ ಇದೆ. ಆವರಣದೊಳಗೇ ಇರೋ 'ಲೆಟ್', 'ಕಾನ್ಸ್ಟ್' ಬಂದಿದ್ದು 2015ರಲ್ಲಿ. ಇಷ್ಟಾದರೂ ಬಳಸದಿದ್ದರೆ ಅದು ಅಜ್ಞಾನ ಅಲ್ಲ, ಸೋಮಾರಿತನ.

ಆ ಸೋಮಾರಿತನದ ಬೆಲೆ ಕಟ್ಟೋದು ಕುರುಗೋಡಿನ ಹುಡುಗಿ. ಪಟ್ಟಿಯಲ್ಲಿ ತನ್ನ ತಾಲ್ಲೂಕು ಇಲ್ಲ ಅಂತ ಬೇರೆ ಯಾವುದನ್ನೋ ಒತ್ತುತ್ತಾಳೆ. ಆಮೇಲೆ ದಾಖಲೆ ತಾಳೆಯಾಗೋಲ್ಲ ಅಂದರೆ ಅಲೆಯೋದು ಅವಳೇ, ಕೋಡ್ ಬರೆದವನಲ್ಲ.

ಕೋಡ್ ಬರೆಯೋ ಬ್ಲಾಗಿಗರೇ, ಇವತ್ತು ನಿಮ್ಮ ಪ್ರಾಜೆಕ್ಟಿನಲ್ಲಿ ಒಮ್ಮೆ 'ಬೆಲ್ಲಾರಿ' ಅಂತ ಹುಡುಕಿ. ಎಷ್ಟು ಕಡೆ ಸಿಕ್ತು ಅಂತ ಕಾಮೆಂಟಿನಲ್ಲಿ ಹಾಕಿ, ಬೈಯೋದಿದ್ದರೂ ಅಲ್ಲೇ ಬೈಯಿರಿ.