ಬಿಡುವಿನ ಕೈಗೂ ವ್ರತವುಂಟು

ಉದ್ಯೋಗದಿಂದ ನಿವೃತ್ತರಾದ ಶ್ರಾವಕರಲ್ಲಿ ಕೆಲವರು ಮನೆಯಲ್ಲೇ ಸಣ್ಣ ಲೇತ್ ಇರಿಸಿಕೊಂಡು ಶಾಯಿ ಪೆನ್ನುಗಳನ್ನು ಕಡೆಯತೊಡಗಿರುವುದು ಸಂತೋಷದ ಸಂಗತಿಯೇ. ಅರವತ್ತು ದಾಟಿದ ಕೈಯೊಂದು ಮರದ ಗುಣವನ್ನು ಅರಿತು, ನಿಬ್ಬು ಕೂಡಿಸಿ, ತಾನೇ ಮಾಡಿದ ಪೆನ್ನಿನಿಂದ ಮೊಮ್ಮಗಳ ಹೆಸರು ಬರೆದರೆ ಬೇಡವೆನ್ನುವವರು ಯಾರು? ಆಕ್ಷೇಪವಿರುವುದು ಸಾಮಗ್ರಿಯ ಬಗೆಗೆ. ಕೆಲವು ಪೆನ್ನುಗಳಿಗೆ ಎಮ್ಮೆಯ ಕೊಂಬು, ಕೆಲವಕ್ಕೆ ಮುತ್ತಿನ ಚಿಪ್ಪಿನ ಚೂರು, ಹೊಳಪಿಗೆ ಅರಗಿನ ಮೆರುಗು.

ಅರಗು ಮರದ ಅಂಟೆಂದು ನಂಬಿದವರು ಇಂದಿಗೂ ಉಂಟು. ಅದು ಹುಳುವಿನ ಸ್ರಾವ. ಕೊಂಬೆಯಿಂದ ಕೆರೆದ ಅರಗಿನೊಳಗೆ ಹೆಣ್ಣು ಹುಳುಗಳ ದೇಹಗಳೇ ಇರುತ್ತವೆ. ಪುಡಿಮಾಡಿ ತೊಳೆದಾಗ ಹರಿಯುವ ಕೆಂಪು ಅವುಗಳದು.

ಲೇಖನಿಯು ಶಾಸ್ತ್ರದಾನದ ಉಪಕರಣ, ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಲಿಲ್ಲವೇ ಎಂಬ ಸಮರ್ಥನೆ ಕೇಳಿಬರುತ್ತದೆ. ಆಕೆ ಬರೆಯಿಸದಿದ್ದರೆ ಕೃತಿಯೇ ಅಳಿಯುವ ಭಯವಿತ್ತು. ಕೊಂಬಿನ ಪೆನ್ನಿಲ್ಲದೆ ಇಂದು ಯಾವ ಗ್ರಂಥ ಅಳಿದೀತು? ದಾನಚಿಂತಾಮಣಿಯನ್ನು ಇಂಥ ವಾದಕ್ಕೆ ಎಳೆತರುವುದು ಅನುಚಿತ.

ಗೃಹಸ್ಥನು ಜೀವನೋಪಾಯಕ್ಕಾಗಿ ನಡೆಸುವ ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಉದ್ಯೋಗೀ ಹಿಂಸೆಯೆಂದು ಕರೆದು, ಅದಕ್ಕೆ ಕೊಂಚ ಸಡಿಲಿಕೆ ತೋರುವುದುಂಟು. ಆ ಸಡಿಲಿಕೆಗೂ ಮೇರೆಯಿದೆ: ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಹೇಳುವ ಹದಿನೈದು ವರ್ಜ್ಯ ವೃತ್ತಿಗಳಲ್ಲಿ ದಂತವಾಣಿಜ್ಯವೂ ಲಾಕ್ಷಾವಾಣಿಜ್ಯವೂ ಸೇರಿವೆ. ಹೊಟ್ಟೆಪಾಡಿಗೂ ಸಲ್ಲದ್ದು ಪಿಂಚಣಿ ಪಡೆಯುವವನ ಹವ್ಯಾಸಕ್ಕೆ ಸಂದೀತೇ? ಪ್ರಯೋಜನವಿಲ್ಲದ ಹಿಂಸೆಯನ್ನು ತೊರೆಯುವ ಗುಣವ್ರತಕ್ಕೆ ಅನರ್ಥದಂಡವಿರತಿಯೆಂದು ಹೆಸರು. ಹವ್ಯಾಸದ ಹಿಂಸೆಗಿಂತ ಅನರ್ಥವಾದುದು ಬೇರೆ ಯಾವುದು? ಕೊಂಬು ಸತ್ತ ಪ್ರಾಣಿಯದೆಂಬ ಮಾತಿಗೂ ಉತ್ತರ ಹಳೆಯದೇ. ಕೃತ, ಕಾರಿತ, ಅನುಮೋದಿತ ಮೂರೂ ಒಂದೇ ತಕ್ಕಡಿಯಲ್ಲಿ ತೂಗುವವು. ಕಸಾಯಿಖಾನೆಯ ಕೊಂಬಿಗೆ ಬೆಲೆ ಕೊಟ್ಟವನು ಕಸಾಯಿಖಾನೆಯ ಆದಾಯಕ್ಕೂ ಕೈಗೂಡಿಸಿದಂತೆ.

ಬೇರೆ ದಾರಿ ಇಲ್ಲವೆಂದಲ್ಲ. ರಾಜಮಹೇಂದ್ರಿಯಲ್ಲಿ 1930ರ ದಶಕದಿಂದ ಕೈಯಲ್ಲೇ ಕಡೆದು ಮಾಡುತ್ತ ಬಂದ ಪೆನ್ನುಗಳು ಎಬೊನೈಟಿನವು; ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿಮಾಡಿದ ವಸ್ತುವದು. ಬಿದಿರಿದೆ, ತೆಂಗಿನ ಮರವಿದೆ. ಮೆರುಗಿಗೆ ಅಗಸೆಎಣ್ಣೆ ಸಾಕು. ಹೊಳಪು ತುಸು ಕಡಿಮೆ, ಒಣಗಲು ಕೆಲವು ದಿನ ಬೇಕು. ನಿವೃತ್ತರಿಗೆ ದಿನಗಳ ಕೊರತೆಯೇನು?

ಶ್ರುತಪಂಚಮಿಯಂದು ಇಂಥ ಪೆನ್ನು ಕಾಣಿಕೆಯಾಗಿ ಬಂದರೆ ಬಸದಿಯ ಆಡಳಿತ ಮಂಡಳಿಯವರು ದಾನಿಯ ಹೆಸರು ಬರೆದುಕೊಳ್ಳುವ ಮುನ್ನ ಅದು ಯಾವುದರಿಂದ ಆದದ್ದು, ಮೆರುಗು ಯಾವುದು ಎಂದು ವಿಚಾರಿಸಲಿ. ಕೊಂಬಿನದೋ ಅರಗಿನದೋ ಆದರೆ, ದಾನಿ ಎಷ್ಟೇ ಹಿರಿಯರಾಗಿರಲಿ, ಕೈಮುಗಿದು ಹಿಂದಿರುಗಿಸಲಿ.